ಇಳಿಜಾರಿನ ಕೆಳಗೆ ನಿಂತವನು

ನಾವಿರುವ ಕಡೆ ಟೆಕ್ಸಸ್‌ನ ನೆಲ ಎಷ್ಟು ಚಪ್ಪಟೆ ಎಂದರೆ, ಕಾರಿಗೆ ಹ್ಯಾಂಡ್‌ಬ್ರೇಕ್ ಎಂಬುದೊಂದಿದೆ ಎನ್ನುವುದೇ ಜನಕ್ಕೆ ಮರೆತುಹೋಗಿರುತ್ತದೆ. ಇಂಥ ಕಡೆ ಒಂದು ಊರಿನ ಸಿಟಿಯವರು, ಅಂದರೆ ನಗರಸಭೆಯವರು, ಸ್ಕೀ ಕಲಿಯುವವರಿಗಾಗಿ ಗುಡ್ಡ ಮಾಡಿಸಿದ್ದಾರೆ ಎಂದು ಮೊದಲ ಸಲ ಕೇಳಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಡಲ್ಲಾಸ್ ಹತ್ತಿರದ ಅಲೆನ್ ಊರಿನ ನಮ್ಮ ಮನೆಯಿಂದ ಮರ್ಫಿ ಎಂಬ ಊರಿನ ಕಡೆಗೆ ಹೋಗುವಾಗ ಸಿಗುವ ಸಣ್ಣ ಊರು ಅದು. ಹೆಸರು ಬೇಡ. ಪಾರ್ಕಿನಲ್ಲಿ ಕೆರೆ ತೋಡಿಸಿದಾಗ ಬಂದ ಮಣ್ಣನ್ನು ಅಲ್ಲೇ ರಾಶಿ ಹಾಕಿ, ಸುತ್ತ ಹುಲ್ಲು ಬೆಳೆಸಿ, ಒಂದು ಬದಿಯ ಇಳಿಜಾರಿಗೆ ಬಿಳಿ ಪ್ಲಾಸ್ಟಿಕ್ಕಿನ ಹಾಸು ಹೊದಿಸಿದ್ದಾರೆ. ಬಟ್ಟೆ ಒಗೆಯುವ ಬ್ರಷ್ಷನ್ನು ಅಂಗಾತ ಮಲಗಿಸಿದ ಹಾಗಿರುತ್ತದೆ ಹಾಸು. ಜಾರಲು ಸುಲಭವಾಗಲಿ ಎಂದು ಅದರ ಮೇಲೆ ಸಣ್ಣ ಪೈಪುಗಳಿಂದ ಸದಾ ನೀರು ಚಿಮುಕಿಸುತ್ತಿರುತ್ತಾರೆ. ಎತ್ತರ ಹೇಳಬೇಕೆಂದರೆ ಎರಡು ಮಹಡಿಯ ಮನೆಯಷ್ಟು. ಮೈಸೂರಿನವನಾದ ನನಗೆ ಅದನ್ನು ಗುಡ್ಡ ಎನ್ನಲು ಇಂದಿಗೂ ನಾಚಿಕೆ.

ಚಳಿಗಾಲದ ಶನಿವಾರಗಳಲ್ಲಿ ಅಲ್ಲಿಗೆ ಹೋಗುತ್ತೇನೆ. ಸ್ಕೀ ಮಾಡುವುದಿಲ್ಲ. ಬೂಟು, ಹೆಲ್ಮೆಟ್ ಬಾಡಿಗೆಗೆ ಕೊಡುವ ಮರದ ಕೋಣೆಯ ಪಕ್ಕದಲ್ಲಿ ಒಂದು ಬೆಂಚು ಇದೆ. ಅದರ ಮೇಲೆ ಅರ್ಧ ಗಂಟೆ ಕೂತು ಬರುತ್ತೇನೆ. ಏರ್‌ಪೋರ್ಟಿನಲ್ಲಿ ಸೂಟ್‌ಕೇಸ್ ಹೊತ್ತು ತರುವಂಥ ಬೆಲ್ಟೊಂದು ಮಕ್ಕಳನ್ನು ನಿಂತ ಭಂಗಿಯಲ್ಲೇ ಮೇಲಕ್ಕೆ ಒಯ್ಯುತ್ತದೆ. ಅವರು ಕಿರುಚಿಕೊಂಡು ಇಳಿಯುತ್ತಾರೆ, ಬೀಳುತ್ತಾರೆ, ಮತ್ತೆ ಬೆಲ್ಟಿನ ಕಡೆ ಓಡುತ್ತಾರೆ. ಅವರ ನಡುವೆ, ಮೇಲೆ ತುದಿಯಲ್ಲಿ, ಕೆಂಪು ಜಾಕೆಟ್ಟಿನ ಒಬ್ಬ ಗಂಡಸು ನಿಂತು ತನ್ನ ಜೇಬುಗಳನ್ನು ತಡವಿಕೊಳ್ಳುವುದು ನನಗೆ ಕಾಣುತ್ತದೆ. ಮೊದಲು ಎಡ ಜೇಬು, ಆಮೇಲೆ ಬಲ ಜೇಬು, ಆಮೇಲೆ ಎದೆಯ ಮೇಲಿನ ಜೇಬು. ದೆವ್ವ, ಪಿಶಾಚಿ ಒಂದನ್ನೂ ನಂಬುವವನಲ್ಲ ನಾನು. ಕಣ್ಣು ಪರೀಕ್ಷೆಯನ್ನೂ ಮಾಡಿಸಿಕೊಂಡಿದ್ದೇನೆ. ಆದರೂ ಅವನು ಅಲ್ಲಿರುತ್ತಾನೆ. ಯಾವುದಾದರೂ ಮಗು ಅವನ ಮುಂದಿನಿಂದ ಜಾರಿಹೋದರೆ ಮರೆಯಾಗುತ್ತಾನೆ, ಮಗು ಕೆಳಗೆ ಬಂದ ಮೇಲೆ ಮತ್ತೆ ಅಲ್ಲೇ ನಿಂತಿರುತ್ತಾನೆ.

ಅವನು ನನ್ನ ಅಣ್ಣ. ನನಗಿಂತ ನಾಲ್ಕು ವರ್ಷ ದೊಡ್ಡವನು. ಹ್ಯೂಸ್ಟನ್ನಿನ ದಕ್ಷಿಣಕ್ಕಿರುವ ಪೇರ್ಲ್ಯಾಂಡ್‌ನಲ್ಲಿ ಅವನ ಮನೆ. ಅಲ್ಲಿಂದ ದಿನವೂ ಆಸ್ಪತ್ರೆಗೆ ಡ್ರೈವ್ ಮಾಡಿಕೊಂಡು ಹೋಗಿ, ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಡುವ ಡಾಕ್ಟರು. ಊರಿನವರನ್ನೆಲ್ಲ ಮಲಗಿಸುತ್ತೀಯ, ಮನೆಯಲ್ಲಿ ಮಾತ್ರ ಯಾರಿಗೂ ನಿದ್ದೆ ಮಾಡಲು ಬಿಡುವುದಿಲ್ಲ ಎಂದು ನಾವು ಅವನ ಕಾಲೆಳೆಯುತ್ತಿದ್ದೆವು, ಅಷ್ಟು ಗಟ್ಟಿ ದನಿ, ಅಷ್ಟು ಗಟ್ಟಿ ನಗು. ನನಗೂ ನನ್ನ ಹೆಂಡತಿಗೂ ಮಕ್ಕಳಿಲ್ಲ. ಅಣ್ಣನಿಗೆ ಒಬ್ಬಳೇ ಮಗಳು. ಆ ಮಗುವನ್ನು ನಾವು ನಾಲ್ವರೂ ಸೇರಿ ಕೆಡಿಸಿದ್ದೆವು. ಬೇಕು ಎಂದರೆ ಬೇಕು, ಆಗಲೇ ಬೇಕು. ಅಂಗಡಿಯಲ್ಲಿ ನೆಲದ ಮೇಲೆ ಕೂತುಬಿಡುವ ಹಟ. ಚಿಕ್ಕಪ್ಪನಾದ ನಾನು ಅದಕ್ಕೆ ತುಪ್ಪ ಸುರಿಯುತ್ತಿದ್ದೆ.

ಈಗ ನಮ್ಮ ತಾಯಿಯ ಒಂದು ಕಟ್ಟಳೆಯ ವಿಷಯ ಹೇಳಬೇಕು. ಮನೆಯಿಂದ ಹೊರಟವರನ್ನು ಹಿಂದಿನಿಂದ ಕೂಗಬಾರದು. ಇದು ಎಷ್ಟೋ ಮನೆಗಳಲ್ಲಿ ಇದ್ದದ್ದೇ. ಆದರೆ ನಮ್ಮಮ್ಮನಿಗೆ ಅದು ಮಾತಿನ ನೇಮವಲ್ಲ, ಉಸಿರಿನ ನೇಮ. ಹೊರಟವರು ಏನನ್ನಾದರೂ ಮರೆತಿದ್ದರೆ ಅದನ್ನು ತೆಗೆದುಕೊಂಡು ಬೇರೆ ದಾರಿಯಲ್ಲಿ ಓಡಿ, ಅವರ ಎದುರಿನಿಂದ ಬಂದು ಕೊಡಬೇಕು. ಅಣ್ಣ ದಿನಕ್ಕೊಂದು ಮರೆಯುವವನು. ಕಂಪಾಸ್ ಬಾಕ್ಸು, ಊಟದ ಡಬ್ಬಿ, ಒಮ್ಮೆ ಪರೀಕ್ಷೆಯ ಹಾಲ್ ಟಿಕೆಟ್ಟೇ. ನಮ್ಮ ಬೀದಿಯ ಹಿಂದಿನ ಸಂದಿಯಲ್ಲಿ ಏದುಸಿರು ಬಿಡುತ್ತಾ ಓಡಿ, ತಿರುವಿನಲ್ಲಿ ಅವನಿಗೆ ಎದುರಾಗಿ, ಮರೆತದ್ದನ್ನು ಎತ್ತಿ ತೋರಿಸಿ ಹಲ್ಲು ಕಿರಿಯುವುದು ನನ್ನ ಬಾಲ್ಯದ ದೊಡ್ಡ ಕೆಲಸ. ಅವನು ಎದೆಯ ಮೇಲೆ ಕೈಯಿಟ್ಟುಕೊಂಡು, ಬದುಕಿದೆ ಎನ್ನುವಂತೆ ನಾಟಕ ಮಾಡಿ, ಅದನ್ನು ಇಸಿದುಕೊಳ್ಳುತ್ತಿದ್ದ.

ದೊಡ್ಡವನಾದ ಮೇಲೆ ನಾನು ಇವನ್ನೆಲ್ಲ ಗೇಲಿ ಮಾಡುವವನಾದೆ. ಡಲ್ಲಾಸ್‌ನಲ್ಲಿ ಕನ್ನಡದವರು ಸೇರುವ ಯುಗಾದಿ ಕಾರ್ಯಕ್ರಮಕ್ಕೆ ಒಂದು ವರ್ಷ ಶಕುನಗಳ ಮೇಲೆ ಪ್ರಹಸನ ಬರೆದು ಆಡಿಸಿದ್ದೆ. ಬೆಕ್ಕು ಅಡ್ಡ ಬಂತು, ಯಾರೋ ಸೀನಿದರು, ಹಿಂದಿನಿಂದ ಯಾರೋ ಕೂಗಿದರು ಎಂದು ಆಫೀಸಿಗೇ ಹೋಗದ ಒಬ್ಬ ಇಂಜಿನಿಯರನ ಕಥೆ. ಜನ ಚೆನ್ನಾಗಿ ನಕ್ಕಿದ್ದರು. ನನ್ನ ಹೆಂಡತಿ ಮಾತ್ರ ಕಾರಿನಲ್ಲಿ ಬರುವಾಗ, "ಮನೇಲಿ ನಾನು ಹೊರಟಾಗ ನೀವು ಯಾವತ್ತಾದ್ರೂ ಹಿಂದಿನಿಂದ ಕೂಗಿದೀರಾ? ಗ್ಯಾರೇಜ್ ಕಡೆಯಿಂದ ಸುತ್ತಿ ಬಂದು ಕಾರಿನ ಮುಂದೆ ನಿಂತ್ಕೋತೀರ" ಎಂದಳು. ಅದು ಅಭ್ಯಾಸ ಕಣೇ, ನಂಬಿಕೆಯಲ್ಲ ಎಂದು ನಾನು ರೇಗಿದೆ. ಅಭ್ಯಾಸಕ್ಕೂ ನಂಬಿಕೆಗೂ ವ್ಯತ್ಯಾಸವಿದೆ ಎಂದು ಆಗ ನನಗೆ ಬಹಳ ಖಾತ್ರಿಯಿತ್ತು.

ಐದು ವರ್ಷದ ಹಿಂದೆ ಸಂಕ್ರಾಂತಿಯ ವಾರಾಂತ್ಯಕ್ಕೆ ಅಣ್ಣ, ಅತ್ತಿಗೆ, ಮಗು ಪೇರ್ಲ್ಯಾಂಡ್‌ನಿಂದ ಬಂದಿದ್ದರು. ಮಗುವಿಗೆ ಆಗ ಹದಿನಾಲ್ಕು. ಬೆಳಿಗ್ಗೆ ಅಣ್ಣ ನನ್ನನ್ನು ಹಿತ್ತಲಿಗೆ ಕರೆದು, ಬೆರಳಿನಷ್ಟು ಉದ್ದದ ಕಂದು ಗಾಜಿನ ಸೀಸೆ ತೋರಿಸಿದ. ಎದೆ ಹಿಡಿದುಕೊಂಡಾಗ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಮಾತ್ರೆ. "ಎರಡು ತಿಂಗಳಾಯ್ತು ಕಣೋ. ಟೆಸ್ಟುಗಳೆಲ್ಲ ನಡೀತಿದೆ. ನಿಮ್ಮ ಅತ್ತಿಗೆಗೆ ಹೇಳ್ಬೇಡ. ಹೇಳಿದ್ರೆ ನಾಳೆಯಿಂದ ನಂಗೆ ಓಟ್ಸೇ ಗತಿ" ಎಂದ. ನೀನು ಡಾಕ್ಟರಾಗಿ ಹೀಗೆ ಮುಚ್ಚಿಡ್ತೀಯಲ್ಲ ಎಂದು ನಾನು ಬೈದೆ. ಅವನು ನಕ್ಕು ಸೀಸೆಯನ್ನು ಜೇಬಿಗಿಳಿಸಿದ. ಎಳ್ಳು ಬೆಲ್ಲ ಬೀರಲು ಹೆಂಗಸರಿಬ್ಬರೂ ತಟ್ಟೆ ಹೊಂದಿಸುತ್ತಿದ್ದರು. ಊಟಕ್ಕೆ ಪೊಂಗಲ್ಲು, ಗೊಜ್ಜು, ಅವರೆಕಾಳಿನ ಹುಳಿ. ಊಟ ಮುಗಿದ ಮೇಲೆ ಮಗು ಶುರುಮಾಡಿತು. ಗುಡ್ಡಕ್ಕೆ ಹೋಗಬೇಕು, ಸ್ಕೀ ಮಾಡಬೇಕು, ಅಪ್ಪನೂ ಮಾಡಬೇಕು. ಹೆಂಗಸರು ಮನೆಯಲ್ಲಿ ಉಳಿದರು. ನಾವು ಮೂವರು ಹೊರಟೆವು.

ಅಣ್ಣ ಆ ಬೂಟು ಹಾಕಿಕೊಂಡದ್ದೇ ಒಂದು ಸಡಗರ. ಕಾಲು ಮಡಚಲು ಬರದೆ, ಪಾದ ನೆಲಕ್ಕೆ ಕುಕ್ಕುತ್ತಾ, "ನೋಡೋ, ಬಾಹುಬಲಿ ನಡೆದು ಬಂದ ಹಾಗಿದೆ" ಎಂದು ತಾನೇ ನಗುತ್ತಿದ್ದ. ಸ್ಕೀ ಕಲಿಸುವ ಹುಡುಗಿ, ಕಾಲೇಜಿನವಳಿರಬೇಕು, ಮೊಣಕಾಲು ಬಗ್ಗಿಸುವುದು, ಕಾಲಿಗೆ ಕಟ್ಟಿದ ಎರಡು ಸ್ಕೀ ಹಲಗೆಗಳ ಮೂತಿ ಹತ್ತಿರ ತಂದು ನಿಲ್ಲುವುದು, ಇಷ್ಟು ಹೇಳಿಕೊಟ್ಟಳು. ಎರಡು ಸಲ ಅಪ್ಪ ಮಗಳು ಮೇಲೆ ಹೋಗಿ ಇಳಿದರು. ಅಣ್ಣ ಎರಡು ಸಲವೂ ಬಿದ್ದ. ಬಿದ್ದಾಗೆಲ್ಲ ಒದ್ದೆ ಹಾಸಿನ ಮೇಲೆ ಸರ್ರನೆ ಸದ್ದು ಬರುತ್ತಿತ್ತು. ನಾನು ಬೆಂಚಿನಲ್ಲಿ ಕೂತು ಫೋಟೋ ತೆಗೆಯುತ್ತಿದ್ದೆ.

ಎರಡನೆಯ ಸಲ ಆದ ಮೇಲೆ ಅವನು ಬಂದು ನನ್ನ ಪಕ್ಕದಲ್ಲಿ ಕೂತ. ಚಳಿಯಲ್ಲೂ ಹಣೆಯ ಮೇಲೆ ಬೆವರು. ಕೆಂಪು ಜಾಕೆಟ್ಟಿನ ಜಿಪ್ ಎಳೆದು, ಜೇಬಿನಿಂದ ಆ ಸೀಸೆ ತೆಗೆದು, ಕೈಯಲ್ಲಿ ಒಂದೆರಡು ಸಲ ತಿರುಗಿಸಿ, ಬೆಂಚಿನ ಮೇಲೆ ಇಟ್ಟ. ಆಗಲೇ ಎದೆ ನೋಯುತ್ತಿತ್ತೋ, ಮಾತ್ರೆ ತೆಗೆದುಕೊಳ್ಳಬೇಕೆಂದಿದ್ದನೋ, ಗೊತ್ತಿಲ್ಲ. ಸುಸ್ತಾಯ್ತಾ ಎಂದೆ. "ವಯಸ್ಸಾಯ್ತು ಕಣೋ" ಎಂದ. ಅಷ್ಟರಲ್ಲಿ ಮಗು ಬೇಲಿಯ ಗೇಟಿನಿಂದ ಕೂಗಿ, ಓಡಿ ಬಂದು, ಅವನ ತೋಳು ಹಿಡಿದು ಎಳೆಯಿತು. "ಅಪ್ಪ, ಒನ್ ಮೋರ್ ಟೈಮ್. ಪ್ಲೀಸ್. ಒಂದೇ ಒಂದು ಸಲ." ಅವನು ಎದ್ದ. ಹೆಲ್ಮೆಟ್ ಸರಿಮಾಡಿಕೊಂಡು ಗೇಟಿನ ಕಡೆ ನಡೆದ.

ಅವನು ಎಂಟು ಹತ್ತು ಹೆಜ್ಜೆ ಹೋಗಿರಬಹುದು. ಸೀಸೆ ಬೆಂಚಿನ ಮೇಲೇ ಇರುವುದನ್ನು ನಾನು ನೋಡಿದೆ. ಕೈಗೆತ್ತಿಕೊಂಡೆ. ಬಾಯಿ ತೆರೆದೆ. ಅಣ್ಣಾ ಎನ್ನುವ ಮಾತು ಗಂಟಲಿನ ತನಕ ಬಂತು. ಅಲ್ಲೇ ನಿಂತಿತು. ಹೊರಟವನನ್ನು ಹಿಂದಿನಿಂದ ಕೂಗುವುದೇ? ಅದೂ ಬೆಟ್ಟ ಹತ್ತಲು ಹೊರಟವನನ್ನು, ಅದೂ ಹಬ್ಬದ ದಿನ? ಇಷ್ಟು ಸ್ಪಷ್ಟವಾಗಿ ಯೋಚಿಸಿದೆ ಎಂದಲ್ಲ. ಯೋಚನೆಯೇ ಆಗಲಿಲ್ಲ. ಐವತ್ತರ ಹತ್ತಿರದ ಗಂಡಸು, ಪ್ರಹಸನ ಬರೆದವನು, ಬಾಯಿ ಮುಚ್ಚಿಕೊಂಡು ಎದುರಿನಿಂದ ಹೋಗಿ ಕೊಡಲು ಹೊರಟೆ.

ಬೇಲಿಯ ಒಳಗೆ ಟಿಕೆಟ್ ಇದ್ದವರಿಗೆ ಮಾತ್ರ ಪ್ರವೇಶ. ಹಾಗಾಗಿ ಬೇಲಿಯನ್ನು ಹೊರಗಿನಿಂದಲೇ ಬಳಸಿ, ಕೆರೆಯ ದಂಡೆಯ ಮೇಲೆ ನಡೆದು, ಜಾರಿ ಬಂದವರು ನಿಲ್ಲುವ ಜಾಗದ ಎದುರಿಗೆ ಹೋಗಿ ನಿಂತೆ. ಅವನು ಇಳಿದು ಬಂದರೆ ನೇರ ನನ್ನ ಎದುರಿಗೇ ಬರುತ್ತಾನೆ. ಸಂದಿಯಲ್ಲಿ ಓಡಿ ತಿರುವಿನಲ್ಲಿ ಎದುರಾಗುತ್ತಿದ್ದ ಹಾಗೇ. ನನಗೆ ಖುಷಿಯೂ ಆಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಮಗು ಮೊದಲು ಇಳಿದು ಬಂತು, ಬೀಳದೆ. ಆಮೇಲೆ ಅಣ್ಣ ಮೇಲೆ ತುದಿಯಲ್ಲಿ ಕಾಣಿಸಿಕೊಂಡ. ನಿಂತ. ಎಡ ಜೇಬು ತಡವಿದ, ಬಲ ಜೇಬು ತಡವಿದ, ಎದೆಯ ಜೇಬು ತಡವಿದ. ನಾನು ಸೀಸೆಯನ್ನು ತಲೆಯ ಮೇಲೆತ್ತಿ ಆಡಿಸಿದೆ. ಹಲ್ಲು ಕಿರಿದೆ. ಅವನು ನನ್ನ ಕಡೆ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡ. ಹಳೆಯ ನಾಟಕ ಎಂದುಕೊಂಡೆ. ಅವನು ಹೊರಟ. ಅರ್ಧ ಇಳಿಜಾರು ಬರುವಷ್ಟರಲ್ಲಿ ಮೊಣಕಾಲು ಕುಸಿದು, ಪಕ್ಕಕ್ಕೆ ವಾಲಿ, ಸರ್ರನೆ ಜಾರಿ, ಹಾಸಿನ ಅಂಚಿಗೆ ಬಂದು ಬಿದ್ದುಕೊಂಡ. ನಾನು ನಕ್ಕೆ. ಮಗುವೂ ನಕ್ಕಿತು. ಮೂರನೆಯ ಸಲವೂ ಬಿದ್ದೆಯಲ್ಲೋ ಎಂದು ನಾನು ಗಟ್ಟಿಯಾಗಿ ಹೇಳಿದೆ. ಅವನು ಏಳಲಿಲ್ಲ.

ಬೇಲಿ ಹತ್ತಿ ದಾಟಿದ್ದು, ಒದ್ದೆ ಹಾಸಿನ ಮೇಲೆ ಬೂಟು ಜಾರಿ ಅಂಗೈ ಕೆತ್ತಿಹೋದದ್ದು ನೆನಪಿದೆ. ನಾನು ತಲುಪುವ ಮುಂಚೆ ಆ ಕಲಿಸುವ ಹುಡುಗಿ ತಲುಪಿ, ಹೆಲ್ಮೆಟ್ ಬಿಚ್ಚಿ, ಎದೆ ಒತ್ತತೊಡಗಿದ್ದಳು. ಸೀಸೆಯ ಮುಚ್ಚಳ ತೆಗೆದು ಮಾತ್ರೆಯನ್ನು ಅವನ ನಾಲಿಗೆಯ ಕೆಳಗೆ ಇಟ್ಟೆ. ಮೇಲಿನಿಂದ ನೀರು ಚಿಮುಕುತ್ತಲೇ ಇತ್ತು. ಆಂಬುಲೆನ್ಸ್ ಬೇಗ ಬಂತು. ಸಿಟಿಯವರು ಮಾಡಬೇಕಾದದ್ದನ್ನೆಲ್ಲ ಮಾಡಿದರು. ಆಸ್ಪತ್ರೆಯಲ್ಲಿ ಮಾತ್ರ ಮಾಡಲು ಏನೂ ಉಳಿದಿರಲಿಲ್ಲ.

ಹತ್ತು ನಿಮಿಷ ಮೊದಲು ಮಾತ್ರೆ ಸಿಕ್ಕಿದ್ದರೆ ಉಳಿಯುತ್ತಿದ್ದನೇ ಎಂದು ಆಮೇಲೆ ಬೇರೊಬ್ಬ ಡಾಕ್ಟರನ್ನು ಕೇಳಿದ್ದೇನೆ, ಯಾರದೋ ಕಥೆ ಎನ್ನುವ ಹಾಗೆ. ಉಳಿಯಬಹುದಿತ್ತು, ಇಲ್ಲದೆಯೂ ಇರಬಹುದು ಎಂದರು. ಆದರೆ ಅಣ್ಣಾ ಎಂದು ನಾನು ಕೂಗಿದ್ದರೆ ಅವನು ತಿರುಗಿ ಬಂದು, ಬೆಂಚಿನಲ್ಲಿ ಕೂತು, ಬಹುಶಃ ಮತ್ತೆ ಏಳುತ್ತಲೇ ಇರಲಿಲ್ಲ ಎನ್ನುವುದು ನನಗೆ ಗೊತ್ತು. ಅದನ್ನು ಹೇಳಲು ಯಾವ ಡಾಕ್ಟರೂ ಬೇಡ.

ಯಾರೂ ನನ್ನನ್ನು ಏನೂ ಕೇಳಲಿಲ್ಲ. ಅದೇ ದೊಡ್ಡ ಶಿಕ್ಷೆ. ಸೀಸೆಯನ್ನು ನಾನು ಅವನ ಜೇಬಿನಿಂದ ತೆಗೆದೆ ಎಂದು ಎಲ್ಲರೂ ತಾವೇ ಅಂದುಕೊಂಡರು. ವೈಕುಂಠ ಸಮಾರಾಧನೆಗೆ ಬಂದವರ ಮುಂದೆ ಅತ್ತಿಗೆ, "ಮೈದುನ ಇದ್ದಿದ್ದಕ್ಕೆ ಅಷ್ಟಾದ್ರೂ ಆಯ್ತು. ಮಾತ್ರೆ ಹುಡುಕಿ ಬಾಯಿಗೆ ಹಾಕಿದಾರೆ. ನಂಗೇ ಗೊತ್ತಿರ್ಲಿಲ್ಲ ಮಾತ್ರೆ ವಿಷಯ" ಎಂದು ಹೇಳಿ ಹೇಳಿ ಅತ್ತರು. ನಾನು ತಲೆ ತಗ್ಗಿಸಿ ಕೂತಿದ್ದೆ. ದುಃಖ ಎಂದುಕೊಂಡರು. ದುಃಖವೂ ಇತ್ತು.

ಒಂದು ಶನಿವಾರ ಟಿಕೆಟ್ ತೆಗೆದುಕೊಂಡು ಬೆಲ್ಟಿನ ಮೇಲೆ ನಿಂತು ತುದಿಗೆ ಹೋದೆ. ಅವನು ನಿಂತ ಜಾಗದಲ್ಲೇ ನಿಂತು ಕೆಳಗೆ ನೋಡಿದೆ. ನಾನು ನಿಂತಿದ್ದ ಕಡೆ ಆ ದಿನ ಯಾರೋ ಒಬ್ಬ ತಂದೆ ನಿಂತು ಮಗುವಿಗೆ ಕೈ ಆಡಿಸುತ್ತಿದ್ದ. ಕೈಯಲ್ಲಿ ಏನೋ ಇತ್ತು. ಫೋನೋ, ಕೀಲಿಯೋ, ಟೊಪ್ಪಿಗೆಯೋ, ಮೇಲಿನಿಂದ ತಿಳಿಯಲಿಲ್ಲ. ನಗುತ್ತಾ ಕೈಯೆತ್ತಿ ಕರೆಯುವ ಒಬ್ಬ ಮನುಷ್ಯ, ಅಷ್ಟೇ ಕಾಣುತ್ತಿತ್ತು. ಅಣ್ಣ ಮೇಲೆಯೇ ಕೂತು ಸಹಾಯ ಕೇಳಬಹುದಿತ್ತು. ಅವನು ಇಳಿದದ್ದು ನಾನು ಕರೆಯುತ್ತಿದ್ದೇನೆಂದು. ಅಲ್ಲೇ ಕುಕ್ಕರಿಸಿದೆ. ಅಲ್ಲಿನ ಕೆಲಸದವರು ನನ್ನನ್ನು ಪಕ್ಕದ ಹುಲ್ಲಿನ ಮೆಟ್ಟಿಲುಗಳ ಮೇಲೆ ಕೈಹಿಡಿದು ಇಳಿಸಿದರು. ಹೊಸಬರಿಗೆ ಹೆದರಿಕೆ ಸಹಜ ಎಂದು ಸಮಾಧಾನ ಮಾಡಿದರು. ಆ ದಿನದಿಂದಲೇ ಅವನು ನನಗೆ ಕಾಣಿಸತೊಡಗಿದ್ದು.

ಇಷ್ಟಾಗಿದ್ದರೆ ನನ್ನ ಪಾಡು ನನಗೆ ಎಂದು ಸುಮ್ಮನಿರಬಹುದಿತ್ತು. ಆದರೆ ಮಗು ಇತ್ತಲ್ಲ.

ಅಪ್ಪ ಹೋದ ದಿನದ ಮೇಲೆ ಮಗು ಯಾರನ್ನೂ ಏನನ್ನೂ ಕೇಳುವುದನ್ನು ಬಿಟ್ಟುಬಿಟ್ಟಿತು. ಮೊದಲು ನಾನು ಗಮನಿಸಲಿಲ್ಲ. ರಜೆಗೆ ನಮ್ಮ ಮನೆಗೆ ಬಂದಾಗ ಏನು ಮಾಡಲಿ ತಿನ್ನಲು ಎಂದರೆ "ಎನಿಥಿಂಗ್ ಈಸ್ ಫೈನ್." ಅಂಗಡಿಗೆ ಕರೆದೊಯ್ದರೆ "ಐ ಡೋಂಟ್ ನೀಡ್ ಎನಿಥಿಂಗ್." ಒಮ್ಮೆ ಊಟಕ್ಕೆ ಕೂತಾಗ ಅವಳ ತಟ್ಟೆಗೆ ಚಮಚ ಇಡಲು ನನ್ನ ಹೆಂಡತಿ ಮರೆತಿದ್ದಳು. ಮಗು ಬಿಸಿ ಬಿಸಿ ಬಿಸಿಬೇಳೆಭಾತನ್ನು ಆರುವ ತನಕ ನೋಡುತ್ತಾ ಕೂತಿತ್ತೇ ಹೊರತು ಚಮಚ ಕೊಡಿ ಎನ್ನಲಿಲ್ಲ. ಅತ್ತಿಗೆ ಮಾತ್ರ ಎಲ್ಲರ ಮುಂದೆ, "ಎಷ್ಟು ದೊಡ್ಡೋಳಾಗ್ಬಿಟ್ಲು ನೋಡಿ. ಇದು ಬೇಕು ಅದು ಬೇಕು ಅಂತ ಒಂದು ದಿನ ಕೇಳಲ್ಲ" ಎನ್ನುತ್ತಿದ್ದರು.

ಒಂದೇ ಒಂದು ಸಲ ಎಂದು ಕೇಳಿದ್ದಕ್ಕೆ ಅಪ್ಪ ಹೋದರು ಎಂದು ಆ ಮಗು ತೀರ್ಮಾನ ಮಾಡಿಕೊಂಡಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ನನಗೆ ತಿಳಿದಿತ್ತು. ಬೆಂಚಿನ ಮೇಲೆ ಇನ್ನೇನೇನು ನಡೆಯಿತು ಎಂದು ತಿಳಿದವನು ಭೂಮಿಯ ಮೇಲೆ ನಾನೊಬ್ಬನೇ. ಹೇಳಿದರೆ ಅವಳ ಎದೆಯ ಭಾರ ಇಳಿಯುತ್ತದೆ, ನನ್ನ ಮುಖ ಹೋಗುತ್ತದೆ. ನಾನು ನನ್ನ ಮುಖ ಉಳಿಸಿಕೊಂಡೆ. ಮುಂದಿನ ಸಲ ಬಂದಾಗ ಹೇಳೋಣ, ಹದಿನಾರು ತುಂಬಲಿ, ಪರೀಕ್ಷೆ ಮುಗಿಯಲಿ, ಕಾಲೇಜು ಸೇರಲಿ ಎಂದು ಮುಂದೂಡುತ್ತಾ ಹೋದೆ. ಹೇಡಿತನಕ್ಕೆ ನೆಪಗಳ ಬರವೇ ಇರುವುದಿಲ್ಲ.

ಕಾಲೇಜಿಗೆ ಅವಳು ಆಸ್ಟಿನ್‌ಗೆ ಹೋದಳು. ಈ ವರ್ಷ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ, ನಾನು ಪಕ್ಕದ ಊರಾದ ಪ್ಲೇನೋದ ಆಫೀಸಿನಲ್ಲಿದ್ದಾಗ ಅತ್ತಿಗೆ ಫೋನ್ ಮಾಡಿದರು. ಅವರು ಆಗ ಕೆಲಸದ ಮೇಲೆ ಟೆಕ್ಸಸ್‌ನ ಹೊರಗಿದ್ದರು. ಮಗಳು ಆಸ್ಪತ್ರೆಯಲ್ಲಿದ್ದಾಳೆ, ಅಪೆಂಡಿಕ್ಸ್ ಒಡೆದಿದೆ, ಆಪರೇಷನ್ನಿಗೆ ಒಯ್ಯುತ್ತಿದ್ದಾರೆ. ತಾನು ವಿಮಾನದಲ್ಲಿ ಹ್ಯೂಸ್ಟನ್ ತಲುಪಿ ಅಲ್ಲಿಂದ ಕಾರಿನಲ್ಲಿ ಬರುವಷ್ಟರಲ್ಲಿ ಮಾರನೆಯ ದಿನವಾಗುತ್ತದೆ, ನೀವು ಹೋಗಿ ಎಂದರು. "ಮೂರು ದಿನದಿಂದ ಹೊಟ್ಟೆನೋವಂತೆ. ಯಾರಿಗೂ ಹೇಳಿಲ್ಲ. ಒಂದೇ ರೂಮಲ್ಲಿರೋ ಹುಡುಗಿಗೂ ಹೇಳಿಲ್ಲ. ಬಾತ್‌ರೂಮಲ್ಲಿ ಬಿದ್ದಿದ್ಲಂತೆ." ಆಸ್ಟಿನ್‌ಗೆ ನಾಲ್ಕು ಗಂಟೆಯ ದಾರಿ. ಅದನ್ನು ಹೇಗೆ ಡ್ರೈವ್ ಮಾಡಿದೆನೋ ತಿಳಿಯದು. ದಾರಿಯುದ್ದಕ್ಕೂ ಎದುರಿನ ಗಾಜಿನಲ್ಲಿ ಕೆಂಪು ಜಾಕೆಟ್ಟಿನವನು ಜೇಬು ತಡವಿಕೊಳ್ಳುತ್ತಲೇ ಇದ್ದ. ಆ ದಿನ ಮೊದಲ ಸಲ ಅವನು ನನ್ನನ್ನೇ ನೋಡುತ್ತಿದ್ದಾನೆ ಎನ್ನಿಸಿತು.

ಆಪರೇಷನ್ ಸರಿಯಾಗಿ ಆಯಿತು. ಇನ್ನು ಅರ್ಧ ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ನರ್ಸು ಹೇಳಿದಳು. ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಮಗು ದಿಂಬಿಗೆ ಒರಗಿ ಕೂತಿತ್ತು. ಮುಖ ಬಿಳಿಚಿತ್ತು, ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನೀರಿನ ಲೋಟ ಮೇಜಿನ ಮೇಲೆ, ಅವಳ ಕೈಗೆ ಎಟುಕದಷ್ಟು ದೂರದಲ್ಲಿತ್ತು. ಅವಳು ಅದನ್ನು ನೋಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಅವಳನ್ನು ನೋಡುತ್ತಿದ್ದೆ. ಅವಳು ಕೇಳಲಿಲ್ಲ. ನರ್ಸು ಒಳಗೆ ಬಂದು ಹೋದಳು, ಆಗಲೂ ಕೇಳಲಿಲ್ಲ.

ಲೋಟ ತಂದು ಕೈಗೆ ಕೊಟ್ಟೆ. ಯಾಕಮ್ಮ ಯಾರಿಗೂ ಹೇಳಲಿಲ್ಲ ಎಂದೆ. ಯಾರಿಗೂ ತೊಂದರೆ ಕೊಡಬಾರದು ಅಂತ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಕುರ್ಚಿ ಎಳೆದುಕೊಂಡು ಕೂತೆ. ಎಲ್ಲಿಂದ ಶುರುಮಾಡಬೇಕು ಎಂದು ತಿಳಿಯದೆ ನಮ್ಮ ತಾಯಿಯ ಕಟ್ಟಳೆಯಿಂದಲೇ ಶುರುಮಾಡಿದೆ. ಸಂದಿಯಲ್ಲಿ ಓಡುತ್ತಿದ್ದದ್ದು, ಹಿತ್ತಲಿನಲ್ಲಿ ಅಪ್ಪ ತೋರಿಸಿದ ಸೀಸೆ, ಬೆಂಚು, ಎಂಟು ಹತ್ತು ಹೆಜ್ಜೆ, ಬಾಯಿ ತೆರೆದು ಮುಚ್ಚಿದ್ದು, ಕೆರೆಯ ದಂಡೆ, ಎತ್ತಿ ತೋರಿಸಿದ ಕೈ. ಒಂದನ್ನೂ ಬಿಡಲಿಲ್ಲ. ನಕ್ಕದ್ದನ್ನೂ ಹೇಳಿದೆ.

ಮುಗಿದ ಮೇಲೆ ಅವಳು ಕನ್ನಡದಲ್ಲಿ ಕೇಳಿದಳು. "ಅಪ್ಪ ನಿಮ್ಮ ಹತ್ರಾನೇ ಇದ್ರಾ ಆಗ?"

"ಇಲ್ಲಿಂದ ಆ ಕಿಟಕಿಯಷ್ಟು ದೂರ."

"ಜೋರಾಗಿ ಕರೆಯೋದೂ ಬೇಕಿರ್ಲಿಲ್ಲ."

"ಬೇಕಿರ್ಲಿಲ್ಲ ಪುಟ್ಟಾ."

ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾನು ಒನ್ ಮೋರ್ ಟೈಮ್ ಅಂದಿದ್ದಕ್ಕೆ ಅಂತ ಅಂದ್ಕೊಂಡಿದ್ದೆ" ಎಂದಳು.

"ಗೊತ್ತು. ಅದು ನಿನ್ನಿಂದ ಆಗಿದ್ದಲ್ಲ."

ಅವಳು ತಲೆಯೆತ್ತಿದಳು. "ಗೊತ್ತು ಅಂದ್ರೆ? ನಾನು ಹಾಗೆ ಅಂದ್ಕೊಂಡಿದೀನಿ ಅಂತ ನಿಮಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಈಗ ತಾನೇ ತಿಳಿಯಿತು ಎನ್ನಬಹುದಿತ್ತು. "ಗೊತ್ತಿತ್ತು" ಎಂದೆ.

"ಯಾವಾಗಿಂದ?"

"ಮೊದಲಿಂದ್ಲೂ."

ಎಂಟು ಹತ್ತು ಹೆಜ್ಜೆಗೆ ತಪ್ಪೊಪ್ಪಿಕೊಳ್ಳಲು ಬಂದಿದ್ದೆ ನಾನು. ಆ ಮಗು ನನ್ನ ಮುಂದೆ ಇಟ್ಟದ್ದು ಐದು ವರ್ಷವನ್ನು. ಅಪ್ಪನನ್ನು ಕರೆಯದೆ ಇದ್ದದ್ದನ್ನು ಅವಳು ಕ್ಷಮಿಸಿಬಿಡುತ್ತಿದ್ದಳೇನೋ. ಅವಳ ಮುಖ ನೋಡಿದಾಗ ನನಗೆ ಹಾಗೇ ಅನ್ನಿಸಿತು, ಮಾತ್ರೆಯ ಕಥೆ ಕೇಳುವಾಗ ಅವಳ ಕಣ್ಣಿನಲ್ಲಿ ನನ್ನ ಮೇಲೆ ಮರುಕವೇ ಇತ್ತು. ಅದು ಈಗ ಇರಲಿಲ್ಲ. ಅಣ್ಣನನ್ನು ನಾನು ಒಂದು ಸಲ ಕೂಗಲಿಲ್ಲ. ಇವಳನ್ನು ಐದು ವರ್ಷ, ಬಂದಾಗಲೆಲ್ಲ ಕಣ್ಣೆದುರಿಗೇ ಇದ್ದರೂ ಕೂಗಲಿಲ್ಲ.

"ಚಿಕ್ಕಪ್ಪ, ನೀವು ಹೊರಗೆ ಹೋಗಿ" ಎಂದಳು. "ನಂಗೆ ಅಮ್ಮ ಬೇಕು. ಈಗ್ಲೇ ಬೇಕು. ಅಮ್ಮಂಗೆ ನೀವೇ ಹೇಳ್ಬೇಕು, ಎಲ್ಲಾನೂ. ನಾನು ಹೇಳಲ್ಲ."

ಎದ್ದೆ. ಲೋಟ ಇಸಿದುಕೊಳ್ಳಲು ಕೈ ಚಾಚಿದೆ, ಕೊಡಲಿಲ್ಲ. ಹೊರಗೆ ಬಂದು ಕಾರಿಡಾರಿನಲ್ಲಿ ನಿಂತು ಅತ್ತಿಗೆಗೆ ಫೋನ್ ಮಾಡಿದೆ. ಅವರು ಹ್ಯೂಸ್ಟನ್ ಬಿಟ್ಟು ಅರ್ಧ ದಾರಿ ಬಂದಿದ್ದರು. ಹೇಗಿದ್ದಾಳೆ ಎಂದು ಗಾಬರಿಯಿಂದ ಕೇಳಿದರು. ಚೆನ್ನಾಗಿದ್ದಾಳೆ, ಬೇಗ ಬನ್ನಿ, ಅಮ್ಮ ಬೇಕು ಎನ್ನುತ್ತಿದ್ದಾಳೆ ಎಂದೆ.

ಆ ಕಡೆ ಕಾರು ಪಕ್ಕಕ್ಕೆ ನಿಲ್ಲಿಸಿದ್ದು, ಇಂಡಿಕೇಟರ್ ಟಿಕ್ ಟಿಕ್ ಎನ್ನುವುದು ಕೇಳಿಸಿತು.

"ಏನಂದ್ಲು? ಬೇಕು ಅಂದ್ಲಾ?" ಎಂದರು ಅತ್ತಿಗೆ. "ಅವಳೇ ಅಂದ್ಲಾ, ನೀವು ಕೇಳಿದ್ದಕ್ಕೆ ಹೂಂ ಅಂದ್ಲಾ?"

"ಅವಳೇ ಅಂದ್ಲು ಅತ್ತಿಗೆ. ಈಗ್ಲೇ ಬೇಕು ಅಂದ್ಲು."

ಅವರು ಅಳತೊಡಗಿದರು. ದೊಡ್ಡವಳಾದಳು ಎಂದು ಎಲ್ಲರ ಮುಂದೆ ಹೇಳಿಕೊಂಡು ಓಡಾಡಿದ ಈ ತಾಯಿಯೂ ಐದು ವರ್ಷದಿಂದ ಈ ಒಂದು ಮಾತಿಗೇ ಕಾದಿದ್ದರು ಎಂದು ನನಗೆ ಆಗ ತಿಳಿಯಿತು. ಅವರು ಅತ್ತು ಮುಗಿಸುವ ತನಕ ಫೋನ್ ಹಿಡಿದುಕೊಂಡೇ ನಿಂತಿದ್ದೆ. ಆಮೇಲೆ, ನಿಧಾನವಾಗಿ ಬನ್ನಿ ಅತ್ತಿಗೆ, ಬಂದ ಮೇಲೆ ಅವಳ ಹತ್ತಿರ ಹೋಗುವ ಮೊದಲು ನಾನು ನಿಮಗೆ ಒಂದು ವಿಷಯ ಹೇಳಬೇಕು ಎಂದೆ.